ಇಸ್ತ್ರಿ ಹಾಕಿದ ಸಮುದ್ರ

ಸಂಜೆಯೊಳಗೆ ಟಿಕೆಟ್ಟಿನ ಅಂಗಡಿಗೆ ಹೇಳಿಬಿಡಬೇಕಿತ್ತು. ಹೋಗುತ್ತೇವೆ, ಇಲ್ಲವೇ ಹೋಗುವುದಿಲ್ಲ. ಇಷ್ಟನ್ನು ಹೇಳುವುದಕ್ಕೆ ಬೆಳಿಗ್ಗೆಯಿಂದ ಗಂಟಲು ಸರಿಮಾಡಿಕೊಳ್ಳುತ್ತಲೇ ಇರುವ ತನ್ನನ್ನು ಕಂಡು ಅವನಿಗೇ ಬೇಸರವಾಗುತ್ತಿತ್ತು. ಮುಂದೆ ಮೇಜಿನ ಮೇಲೆ ಯಾರೋ ನಿವೃತ್ತ ಮೇಷ್ಟರ ದವಡೆ ಬಿಳಿ ಪ್ಲಾಸ್ಟರಿನಲ್ಲಿ ಅಚ್ಚಾಗಿ, ಹಲ್ಲಿಲ್ಲದೆ, ಬಾಯಿ ಬಿಟ್ಟುಕೊಂಡು ಕೂತಿತ್ತು. ಅದರ ಮೇಲೆ ಗುಲಾಬಿ ಮೇಣದ ಕಟ್ಟೆ ಕಟ್ಟಿ, ಒಂದೊಂದೇ ಹಲ್ಲನ್ನು ಆ ಮೇಣದಲ್ಲಿ ನಿಲ್ಲಿಸುವುದು ಅವನ ಕೆಲಸ. ಕಾಯಿಸಿದ ಚಾಕುವಿನ ತುದಿ ಮುಟ್ಟಿಸಿದರೆ ಮೇಣ ಮೆತ್ತಗಾಗಿ ಹಲ್ಲಿಗೆ ಜಾಗ ಬಿಡುತ್ತದೆ, ಬಾಯಿಂದ ಊದಿದರೆ ಹಿಡಿದುಕೊಳ್ಳುತ್ತದೆ. ಇಷ್ಟು ವರ್ಷ ಕಣ್ಣುಮುಚ್ಚಿ ಮಾಡಿದ ಕೆಲಸ. ಇವತ್ತು ಮುಂದಿನ ಹಲ್ಲೊಂದನ್ನು ಕಿತ್ತು ನೆಟ್ಟು, ಮತ್ತೆ ಕಿತ್ತು ನೆಟ್ಟು, ಮೇಣವೆಲ್ಲ ರಾಡಿಯಾಗಿತ್ತು. ಪಕ್ಕದ ಚಕ್ರದ ಮುಂದೆ ಕೂತು ಹಲ್ಲಿನ ಸೆಟ್ಟುಗಳಿಗೆ ಹೊಳಪು ಕೊಡುತ್ತಿದ್ದ ಪಾಲಿಶಿನವಳು ಮುಖದ ಬಟ್ಟೆ ಕೆಳಗೆ ಸರಿಸಿ, "ಸಾರ್, ಹಲ್ಲು ಕೂರಿಸ್ತಿದೀರೋ ಸಸಿ ನೆಡ್ತಿದೀರೋ? ಹೀಗೆ ಕಿತ್ತು ಕಿತ್ತು ನೆಟ್ರೆ ಬಾಡಿಹೋಗ್ತವೆ ನೋಡಿ" ಎಂದಳು. ಅವನು ನಕ್ಕ. ಯಾರಾದರೂ ತಮಾಷೆ ಮಾಡಿದರೆ ತಕ್ಷಣ ನಗುವುದು ಅವನಿಗೆ ಸಂಜೆ ಕಾಲೇಜಿನ ದಿನಗಳಿಂದ ಅಂಟಿದ ಅಭ್ಯಾಸ. ಅರ್ಥವಾಗುವ ಮೊದಲೇ ನಕ್ಕುಬಿಡುತ್ತಿದ್ದ, ಅರ್ಥವಾಗಲಿಲ್ಲವೆಂದು ಯಾರಿಗೂ ತಿಳಿಯದಿರಲಿ ಎಂದು.

ರಜೆ ಕೇಳಬೇಕಿತ್ತು. ಟಿಕೆಟ್ಟಿನ ಹುಡುಗಿ ಸೀಟು ಹಿಡಿದಿಟ್ಟಿದ್ದಾಳೆ, ಕಾರು ಹೇಳಿದ್ದಾಳೆ, ದೂರದ ಆ ದೇಶದ ದ್ವೀಪದಲ್ಲಿ ಸೌದೆ ಒಲೆಯಿರುವ ಕೋಣೆಯೊಂದನ್ನೂ ನೋಡಿದ್ದಾಳೆ. ಆದರೆ ಯಜಮಾನರ ಮುಂದೆ ನಿಂತು ರಜೆ ಎಂಬ ಶಬ್ದವನ್ನು ಇನ್ನೂ ಬಾಯಿಂದ ಹೊರಡಿಸಿಲ್ಲ. ಯಜಮಾನರು ಸ್ವತಃ ದಂತವೈದ್ಯರು, ಮೇಲಿನ ಮಹಡಿಯಲ್ಲಿ ಚಿಕಿತ್ಸಾಲಯ, ಕೆಳಗೆ ಈ ಸೆಟ್ಟು ಕಟ್ಟುವ ಕೋಣೆ. ಮೆಟ್ಟಿಲು ಹತ್ತುವಾಗ ಅವನು ಮಾತನ್ನು ಮನಸ್ಸಿನಲ್ಲೇ ಉರುಹೊಡೆದ. ಹೆಂಡತಿಗೆ ಹುಷಾರಿಲ್ಲ, ಡಾಕ್ಟರು ಹೇಳಿದ್ದಾರೆ, ಹೋಗುವುದಾದರೆ ಈ ಚಳಿಗಾಲದಲ್ಲೇ. ನಿಜವಾಗಿ ಡಾಕ್ಟರು ಹೇಳಿದ್ದು ಸ್ವಲ್ಪ ಬೇರೆ. ಹೆಂಡತಿಯನ್ನು ಹೊರಗೆ ಕೂರಿಸಿ, ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ, "ಕರ್ಕೊಂಡು ಹೋಗ್ಬೇಕು ಅಂತಿದ್ರೆ ಈಗಲೇ ಹೋಗಿ. ಆಮೇಲೆ ಹೋದ್ರೂ ಹೋಗಿದ್ದು ಅವರಿಗೆ ಉಳಿಯಲ್ಲ" ಎಂದಿದ್ದರು. ಅವಳ ನೆನಪು ಸಡಿಲವಾಗುತ್ತ ಬಂದಿತ್ತು. ಮೊದಲು ಒಲೆ ಆರಿಸುವುದು ಮರೆಯಿತು, ಆಮೇಲೆ ಒಲೆ ಹಚ್ಚುವುದು. ಯಜಮಾನರು ಕೈ ತೊಳೆಯುತ್ತಿದ್ದರು. ಅವನು ಉರುಹೊಡೆದದ್ದರಲ್ಲಿ ಅರ್ಧ ಹೇಳಿದ. ದೇಶದ ಹೆಸರು ಕೇಳಿದೊಡನೆ ಅವರು ನಲ್ಲಿ ನಿಲ್ಲಿಸಿ ತಿರುಗಿದರು. "ಓಹೋ. ಕೊನೆಗೂ ಹೊರಟ್ರಿ. ಇಸ್ತ್ರಿಪೆಟ್ಟಿಗೆ ಮರೀಬೇಡಪ್ಪಾ, ಅಲ್ಲಿ ಸಮುದ್ರ ದೊಡ್ಡದಿದೆಯಂತೆ." ಅವರ ಮಾತಿನಲ್ಲಿ ಕೆಡುಕು ಇರಲಿಲ್ಲ. ರಜೆಯನ್ನೂ ಆ ಉಸಿರಿನಲ್ಲೇ ಕೊಟ್ಟರು. ಅವನು ನಕ್ಕ. ಮೆಟ್ಟಿಲು ಇಳಿಯುವಾಗ ಆ ನಗು ಇನ್ನೂ ಮುಖದ ಮೇಲೆಯೇ ಇದೆಯೆಂದು ಗೊತ್ತಾಗಿ ಅಂಗೈಯಿಂದ ಬಾಯಿ ಒರೆಸಿಕೊಂಡ.

ಆ ಮಾತು ಯಜಮಾನರದಲ್ಲ, ಅವನದೇ. ಅವರು ಅದನ್ನು ಜೋಪಾನವಾಗಿಟ್ಟುಕೊಂಡು ಬಂದಿದ್ದಾರೆ, ಅಷ್ಟೆ.

ಹೆಂಡತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ, ಹೆಣಿಗೆ ಕಲಿಸುತ್ತಿದ್ದಳು. ಯಾವುದೋ ಹಳೆಯ ಪತ್ರಿಕೆಯಲ್ಲಿ ಉತ್ತರದ ಕಡೆಯ ಪುಟ್ಟ ದೇಶವೊಂದರ ಕೈಗವಸುಗಳ ಚಿತ್ರ ನೋಡಿ ಮರುಳಾದಳು. ಅಲ್ಲಿಯ ದ್ವೀಪದ ಹೆಂಗಸರು ಹೆಣೆಯುವ ಕೈಗವಸು, ಕೆಂಪು ಬಿಳಿ ಕಪ್ಪು ನೂಲಿನಲ್ಲಿ ನಕ್ಷತ್ರಗಳು, ಒಬ್ಬಳ ನಕ್ಷತ್ರ ಇನ್ನೊಬ್ಬಳದರಂತೆ ಇರುವುದಿಲ್ಲವಂತೆ. ಶಾಲೆಯಿಂದ ಅಟ್ಲಾಸು ತಂದು ಊಟದ ಮೇಜಿನ ಮೇಲೆ ಹರಡಿ, ಆ ದೇಶವನ್ನು ಹುಡುಕಿ ಹೆಬ್ಬೆರಳಿಟ್ಟಳು. ದೇಶ ಪೂರ್ತಿ ಮುಚ್ಚಿಹೋಯಿತು. "ನೋಡ್ರೀ, ಇಂಥ ದೇಶಕ್ಕೆ ಹೋದ್ರೆ ಒಂದು ಮೂಲೆಯೂ ಬಿಡದೆ ನೋಡಿ ಬರಬಹುದು. ದೊಡ್ಡ ದೇಶಕ್ಕೆ ಹೋಗಿ ನೋಡಿಲ್ಲದ್ದೇ ಜಾಸ್ತಿ ಅಂತ ಕೊರಗೋದು ಯಾಕೆ?" ಅಂದಿನಿಂದ ಅದು ಮನೆಯಲ್ಲಿ ಹೆಬ್ಬೆರಳ ದೇಶವಾಯಿತು. ಊಟವಾದ ಮೇಲೆ ಅಲ್ಲಿಗೆ ಹೋಗುವ ಯೋಚನೆ ಮಾಡುವುದೇ ಅವರಿಗೆ ಹೊತ್ತು ಕಳೆಯುವ ದಾರಿ. ಯಾವ ಬಂದರಿಗೆ ಬಸ್ಸು, ದ್ವೀಪಕ್ಕೆ ಯಾವ ಹಡಗು, ಹಡಗಿನಲ್ಲಿ ಒಳಗೆ ಕೂರುವುದೋ ಹೊರಗೆ ನಿಲ್ಲುವುದೋ. ಹೊರಗೆ ನಿಂತರೆ ನೆಗಡಿಯಾಗುತ್ತದೆ ಎಂದು ಅವನು, ಒಳಗೆ ಕೂರುವುದಕ್ಕೆ ಅಲ್ಲಿಯವರೆಗೆ ಯಾಕೆ ಹೋಗಬೇಕು ಎಂದು ಅವಳು. ಒಮ್ಮೆ ಇದರ ಮೇಲೇ ಜಗಳವಾಗಿ ಅವಳು ಬೇರೆ ಕೋಣೆಯಲ್ಲಿ ಮಲಗಿದ್ದಳು. ಟಿಕೆಟ್ಟು ಕೊಳ್ಳುವ ಮಾತು ಬಂದಾಗ ಅವನಿಗೆ ಒಂದಲ್ಲ ಒಂದು ಅಡ್ಡಿ. ಪರೀಕ್ಷೆ. ಆಮೇಲೆ ಸರ್ಟಿಫಿಕೇಟು. ಆಮೇಲೆ ಯಜಮಾನರು ಹೊಸ ಕೋಣೆ ತೆರೆಯುತ್ತಿದ್ದಾರೆ, ಈಗ ಬಿಟ್ಟು ಹೋದರೆ ಏನೆಂದುಕೊಂಡಾರು. ಅವಳು ಬೇಸರ ತೋರಿಸಲಿಲ್ಲ. ನೋಡಿದ ಚಿತ್ರದ ನೆನಪಿನಿಂದಲೇ ಒಂದು ಜೊತೆ ಕೈಗವಸು ಹೆಣೆದಳು. ಈ ಊರಿನ ಚಳಿಗೆ ಅದು ಹೆಚ್ಚೇ ಆಗಿತ್ತು. ಕಪಾಟಿನಲ್ಲಿ ಸೀರೆಗಳ ಕೆಳಗೆ ಮಡಿಸಿಟ್ಟಳು.

ಹೊಸ ಕೋಣೆ ತೆರೆದು, ಅವನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿ, ಯಜಮಾನರು ತಮ್ಮ ಮನೆಯಲ್ಲಿ ಊಟಕ್ಕೆ ಕರೆದರು. ಸುತ್ತ ದಂತವೈದ್ಯರು, ಅವರ ಹೆಂಡಂದಿರು, ಕಾಲು ಹುಗಿದುಹೋಗುವ ನೆಲಹಾಸು. ತಟ್ಟೆಯ ಅಕ್ಕಪಕ್ಕ ಇಟ್ಟ ಚಮಚಗಳಲ್ಲಿ ಯಾವುದನ್ನು ಮೊದಲು ಎತ್ತಬೇಕೆಂದು ಅವನು ಓರೆಗಣ್ಣಿನಲ್ಲಿ ಪಕ್ಕದವರನ್ನು ನೋಡುತ್ತಿದ್ದ. ಮಾತು ಪ್ರವಾಸಗಳ ಕಡೆ ತಿರುಗಿತು. ಅಷ್ಟು ಹೊತ್ತೂ ಸುಮ್ಮನಿದ್ದ ಅವಳು ಮೆಲ್ಲಗೆ ಬಾಯಿ ತೆರೆದು, ಉತ್ತರದ ಆ ದೇಶದಲ್ಲಿ ಚಳಿ ಜೋರಾದ ವರ್ಷ ಸಮುದ್ರ ಹೆಪ್ಪುಗಟ್ಟುತ್ತದೆ, ದ್ವೀಪಕ್ಕೆ ಅದರ ಮೇಲೆಯೇ ಕಾರು ಓಡಿಸಿಕೊಂಡು ಹೋಗುತ್ತಾರೆ ಎಂದಳು. ಹಾಗೆ ಹೋಗುವಾಗ ಸೀಟುಬೆಲ್ಟು ಬಿಚ್ಚಿರಬೇಕು ಎಂದೂ ಹೇಳಿದಳು, ಒಂದು ವೇಳೆ ಮಂಜುಗಡ್ಡೆ ಬಿರಿದರೆ ತಕ್ಷಣ ಹೊರಗೆ ಹಾರಿಕೊಳ್ಳಬೇಕಲ್ಲ. "ಸಮುದ್ರದ ಮೇಲೆ ಕಾರಾ?" ಎಂದು ಒಬ್ಬರು ಹುಬ್ಬೇರಿಸಿದರು. ಎಲ್ಲರ ಕಣ್ಣು ಅವಳಿಂದ ಅವನ ಕಡೆ ತಿರುಗಿತು. ಆ ಕಣ್ಣುಗಳಲ್ಲಿ ಇಬ್ಬರೂ ಒಟ್ಟಿಗೆ ಸಣ್ಣವರಾಗುತ್ತಿದ್ದೇವೆ ಎಂದು ಅನಿಸಿತು ಅವನಿಗೆ. ಯೋಚಿಸಲಿಲ್ಲ, ಮಾತು ತಾನಾಗಿ ಬಂತು. "ಇವಳು ಹೊಲಿಗೆ ಟೀಚರಲ್ವಾ ಸಾರ್, ಸಮುದ್ರಕ್ಕೂ ಇಸ್ತ್ರಿ ಹಾಕಿಬಿಡ್ತಾಳೆ." ಇಡೀ ಮೇಜು ನಕ್ಕಿತು. ಯಜಮಾನರು ಕಣ್ಣೊರೆಸಿಕೊಂಡು ನಕ್ಕರು. ಅಲ್ಲಿಯವರೆಗೆ ಅವನ ಯಾವ ಮಾತಿಗೂ ಯಾರೂ ಹಾಗೆ ನಕ್ಕಿರಲಿಲ್ಲ. ಅವನು ಎಲ್ಲರಿಗಿಂತ ಜೋರಾಗಿ ನಕ್ಕ. ಅವಳೂ ನಕ್ಕಳು, ತಟ್ಟೆಯ ಕಡೆ ನೋಡುತ್ತ. ಮನೆಗೆ ಬಂದ ಮೇಲೆ ಅವಳು ಮುನಿಸು ತೋರಿಸಲಿಲ್ಲ. ಬೆಳಿಗ್ಗೆ ನೋಡಿದರೆ ಊಟದ ಮೇಜಿನ ಮೇಲಿಂದ ಅಟ್ಲಾಸು ಶಾಲೆಗೆ ವಾಪಸು ಹೋಗಿತ್ತು.

ಇವತ್ತು ಊಟದ ಬಿಡುವಿನಲ್ಲಿ ಅವನು ಟಿಕೆಟ್ಟಿನ ಅಂಗಡಿಗೆ ಹೋದ. ಗಾಜಿನ ಬಾಗಿಲು, ಗೋಡೆಯ ತುಂಬ ನೀಲಿ ಸಮುದ್ರಗಳು. ಹುಡುಗಿ ಅವನನ್ನು ನೋಡಿದ ಕೂಡಲೇ ನಗುಮುಖ ಮಾಡಿದಳು, ಆದರೆ ಆ ನಗುವಿನ ಹಿಂದೆ ಸುಸ್ತಿತ್ತು. ಅವನು ಅವಳಿಗೆ ಕೊಟ್ಟ ತೊಂದರೆ ಅವನಿಗೂ ಗೊತ್ತು. ವಿಮಾನದಲ್ಲಿ ಹೆಂಡತಿ ಮನೆಗೆ ಹೋಗೋಣ ಎಂದು ಹಟ ಹಿಡಿದರೆ ಏನು ಮಾಡಬೇಕು, ಹೆಂಗಸರ ಶೌಚಾಲಯಕ್ಕೆ ತಾನೂ ಜೊತೆಗೆ ಹೋಗಬಹುದೇ, ಆ ದೇಶದಲ್ಲಿ ಕಳೆದುಹೋದವರನ್ನು ಎಲ್ಲಿ ಹುಡುಕುತ್ತಾರೆ. ಬೇರೆಯವರು ಹೋಟೆಲಿನಲ್ಲಿ ತಿಂಡಿ ಉಂಟೇ ಎಂದು ಕೇಳುವ ಕಡೆ ಅವನು ಇಂಥವನ್ನು ಕೇಳಿದ್ದ. ಮಂಜಿನ ರಸ್ತೆಯ ನಿಯಮಗಳನ್ನಂತೂ ಪರೀಕ್ಷೆಗೆ ಕಟ್ಟಿದವನ ಹಾಗೆ ಬಾಯಿಪಾಠ ಮಾಡಿದ್ದ. ಬೆಲ್ಟು ಹಾಕಬಾರದು. ಬಾಗಿಲಿಗೆ ಬೀಗ ಬೀಳಬಾರದು. ನಿಧಾನ ಹೋಗಬಹುದು, ವೇಗವಾಗಿ ಹೋಗಬಹುದು, ನಡುವಿನ ವೇಗ ಮಾತ್ರ ಬೇಡ, ಕೆಳಗೆ ನೀರು ಅಲೆಯೆದ್ದು ಮಂಜನ್ನು ಒಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದಾರಿಯಲ್ಲಿ ನಿಲ್ಲಿಸಬಾರದು.

"ಒಂದು ವಿಷಯ ಹೇಳ್ಬೇಕು ಅಂಕಲ್," ಎಂದಳು ಹುಡುಗಿ. "ಅಲ್ಲಿಗೆ ಫೋನ್ ಮಾಡಿ ಕೇಳ್ದೆ. ಈ ಸಲ ಇನ್ನೂ ಸಮುದ್ರ ಹೆಪ್ಪುಗಟ್ಟಿಲ್ಲವಂತೆ. ಹೋದ ಸಲವೂ ಆ ರಸ್ತೆ ತೆಗೀಲಿಲ್ಲವಂತೆ. ಮೊದಲಿನ ಚಳಿ ಈಗಿಲ್ಲ ಅಂತಾರೆ."

"ಅಂದ್ರೆ?"

"ಅಂದ್ರೆ ಐಸು ಗ್ಯಾರಂಟಿ ಇಲ್ಲ. ಹಡಗು ಇದ್ದೇ ಇದೆಯಲ್ಲ, ಅದರಲ್ಲೇ ಹೋಗಿಬನ್ನಿ. ಅಲ್ಲ, ನಿಮಗೆ ದ್ವೀಪ ಮುಖ್ಯವೋ ಐಸು ಮುಖ್ಯವೋ?"

ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆದ. ಐಸೇ ಮುಖ್ಯ ಎಂದು ಹೇಳಿದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಯಜಮಾನರ ಮನೆಯ ಆ ಊಟವಾಗಿ ಎಷ್ಟೋ ವರ್ಷದ ನಂತರ, ಸೆಟ್ಟೊಂದನ್ನು ತಲುಪಿಸಲು ಬೇರೊಂದು ಚಿಕಿತ್ಸಾಲಯಕ್ಕೆ ಹೋಗಿ ಕಾಯುವ ಕೋಣೆಯಲ್ಲಿ ಕೂತಿದ್ದ. ಮೂಲೆಯ ಟೀವಿಯಲ್ಲಿ ಒಂದು ಕಾರು ಬಿಳಿ ಬಯಲಿನ ಮೇಲೆ ಹೋಗುತ್ತಿತ್ತು. ಬಯಲಲ್ಲ ಅದು ಎಂದು ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ದಾರಿಯ ಎರಡೂ ಕಡೆ ಗುರುತಿಗೆಂದು ಸಣ್ಣ ಗಿಡಗಳನ್ನು ನೆಟ್ಟಿದ್ದರು, ದೂರದಲ್ಲಿ ಹಡಗೊಂದು ಹುಗಿದು ನಿಂತಿತ್ತು. ಕಾರಿನೊಳಗಿನ ಗಂಡಸು ಕ್ಯಾಮೆರಾ ಕಡೆ ತಿರುಗಿ, ತನ್ನ ಬೆಲ್ಟು ಬಿಚ್ಚಿ ತೋರಿಸಿದ. ಕೈಯಲ್ಲಿದ್ದ ಹಲ್ಲಿನ ಡಬ್ಬಿಯನ್ನು ಅಲ್ಲಿದ್ದವರಿಗೆ ಒಪ್ಪಿಸಿ ಎದ್ದ. ನೇರ ಮನೆಗೆ ಬಂದ. ಅವಳು ಹಿಂದುಗಡೆ ಬಟ್ಟೆ ಹಿಂಡುತ್ತಿದ್ದಳು. ಅವನು ಬಂದು ನಿಂತ ರೀತಿ ನೋಡಿ, "ಏನ್ರೀ?" ಎಂದಳು. ಹೇಳಬೇಕಾದದ್ದು ಬಾಯಿಯವರೆಗೂ ಬಂದಿತ್ತು. ಇಷ್ಟು ವರ್ಷದ ಮೇಲೆ ಅದನ್ನು ಎತ್ತಿದರೆ, ಅವಳು ಮರೆತದ್ದನ್ನು ತಾನೇ ಕೆದಕಿದ ಹಾಗಾಗುವುದಿಲ್ಲವೇ. "ಏನಿಲ್ಲ," ಎಂದ. "ಏನಿಲ್ಲದಕ್ಕೆ ಇಷ್ಟು ಬೇಗ ಬಂದ್ರಾ?" ಎಂದು ಅವಳು ಇನ್ನೊಂದು ಬಟ್ಟೆ ಎತ್ತಿಕೊಂಡಳು. ಈಗ ಅವನಿಗಿದ್ದ ಯೋಚನೆ ಒಂದೇ. ಅವಳನ್ನು ಆ ಮಂಜಿನ ಮೇಲೆ ಕೂರಿಸಿಕೊಂಡು ಹೋಗಿ, ಬೆಲ್ಟು ಬಿಚ್ಚಿ, ನೀನು ಹೇಳಿದ್ದೇ ನಿಜ ಎಂದು ಹೇಳಬೇಕು. ಕಣ್ಣೆದುರಿಗೆ ಸಮುದ್ರವೇ ಸಾಕ್ಷಿಗಿದ್ದರೆ ಮಾತು ಬಂದೀತು. ಅವಳು ಪೂರ್ತಿ ಮರೆತುಬಿಡುವ ಮೊದಲು. ಮರೆತವಳ ಮುಂದೆ ತಪ್ಪಾಯಿತು ಎನ್ನುವುದು ಖಾಲಿ ಕುರ್ಚಿಯ ಮುಂದೆ ಹೇಳಿದ ಹಾಗೆ.

"ಸಂಜೆ ಅಂಗಡಿ ಮುಚ್ಚೋದ್ರೊಳಗೆ ನಾನೇ ಫೋನ್ ಮಾಡ್ತೀನಿ ಅಂಕಲ್. ಆಮೇಲೆ ಸೀಟು ನನ್ನ ಕೈಲಿರಲ್ಲ," ಎಂದಳು ಹುಡುಗಿ. ಆಮೇಲೆ ದನಿ ತಗ್ಗಿಸಿ, "ಆಂಟಿಗೆ ಹಡಗಾದ್ರೂ ಖುಷಿಯಾಗತ್ತೆ ಬಿಡಿ" ಎಂದಳು. ಅವಳ ಕನಿಕರ ಅವನಿಗೆ ನಾಚಿಕೆ ತರಿಸಿತು.

ಅವನು ಕೋಣೆಗೆ ಮರಳದೆ ಮನೆಯ ಕಡೆ ಹೊರಟ. ಬರುವಾಗಲೇ ಮೇಷ್ಟರ ಸೆಟ್ಟನ್ನು ಮೇಣದ ಸ್ಥಿತಿಯಲ್ಲೇ ಡಬ್ಬಿಗೆ ಹಾಕಿಕೊಂಡು ಬಂದಿದ್ದ. ಅದನ್ನು ಸಂಜೆ ಇನ್ನೊಬ್ಬ ವೈದ್ಯರಿಗೆ ಮುಟ್ಟಿಸಬೇಕು, ಅವರು ಮೇಷ್ಟರ ಬಾಯಿಗಿಟ್ಟು ನೋಡಿ ಸರಿಯೆಂದ ಮೇಲೆ ಮೇಣವನ್ನು ಬಿಸಿನೀರಿನಲ್ಲಿ ಕರಗಿಸಿ ಹೊರಗೆ ಬಿಟ್ಟು, ಆ ಜಾಗದಲ್ಲಿ ಗಟ್ಟಿ ಪದಾರ್ಥ ತುಂಬುವುದು. ಮನೆಯ ಮುಂದೆ ಕಾರು ನಿಲ್ಲಿಸಿದ. ಬಾಗಿಲು ಓರೆಯಾಗಿತ್ತು. ಹಗಲು ಹೊತ್ತು ಮೇಲ್ಮನೆಯ ಅಕ್ಕ ಬಂದು ಅವಳ ಜೊತೆ ಕೂರುತ್ತಾರೆ, ಬೀನ್ಸು ಬಿಡಿಸುತ್ತಲೋ ಊರಿನ ಸುದ್ದಿ ಹೇಳುತ್ತಲೋ. ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು. ಇತ್ತೀಚೆಗೆ ಅವಳ ಮಾತು ಎಡವುತ್ತ, ಶಬ್ದ ಹುಡುಕುತ್ತ ಬರುತ್ತಿತ್ತು. ಈ ದನಿ ಹಾಗಿರಲಿಲ್ಲ, ತರಗತಿಯಲ್ಲಿ ಪಾಠ ಹೇಳುವಾಗಿನ ದನಿ. ಅವನು ಮೆಟ್ಟಿಲ ಮೇಲೇ ನಿಂತ.

"ಅಲ್ಲ ಕಣೇ, ನೀವು ಅಲ್ಲಿಗೆ ಹೋಗಿಬಂದಿದ್ದು ನಮಗ್ಯಾರಿಗೂ ಹೇಳಲೇ ಇಲ್ವಲ್ಲ?" ಎನ್ನುತ್ತಿದ್ದರು ಅಕ್ಕ.

"ಹೇಳ್ಕೊಂಡು ತಿರುಗೋದೇನಿದೆ ಅದರಲ್ಲಿ? ಹೋದ್ವಿ, ಬಂದ್ವಿ. ನಂಬಿಕೆ ಇಲ್ವಾ? ಇಗೋ ನೋಡಿ."

"ಇದೇನು, ಕೈಗವಸು ಒಂದೇ ಇದೆ?"

"ಇನ್ನೊಂದು ಅಲ್ಲೇ ಮಂಜಿನ ಮೇಲೆ ಬಿತ್ತು. ಕಿಟಕಿಯಿಂದ ಕೈ ಹೊರಗೆ ಹಾಕಿದ್ದೆ, ಗಾಳಿಗೆ ಹಾರಿಹೋಯ್ತು. ನಿಲ್ಲಿಸಿ ಅಂದ್ರೆ ನಮ್ಮೋರು ನಿಲ್ಲಿಸಲಿಲ್ಲ. ನಿಲ್ಲಿಸಬಾರದು ಅಲ್ಲಿ, ಮಂಜು ಒಡೆಯತ್ತೆ. ಈಗಲೂ ಅಲ್ಲೇ ಇರತ್ತೆ ಪಾಪ, ಸಮುದ್ರದ ತಳದಲ್ಲಿ."

ಆ ಇನ್ನೊಂದು ಕೈಗವಸು ಎಲ್ಲಿ ಹೋಯಿತೆಂದು ಲೋಕದಲ್ಲಿ ಅವನೊಬ್ಬನಿಗೇ ಗೊತ್ತು. ಸೆಟ್ಟು ಕಟ್ಟುವ ಕೋಣೆಯಲ್ಲಿ ಹಲ್ಲಿನ ಅಚ್ಚುಪೆಟ್ಟಿಗೆಯನ್ನು ಕುದಿಯುವ ನೀರಿನಿಂದ ಎತ್ತುವಾಗ ಕೈ ಸುಡುತ್ತದೆ. ಒಂದು ದಿನ, ಹಿಡಿಯುವುದಕ್ಕೆ ಬಟ್ಟೆಗಿಂತ ಉಣ್ಣೆ ಒಳ್ಳೆಯದೆಂದು, ಕಪಾಟಿನಿಂದ ಒಂದು ಕೈಗವಸನ್ನು ಕೇಳದೆ ತೆಗೆದುಕೊಂಡು ಹೋಗಿದ್ದ. ಸುಮ್ಮನೆ ಬಿದ್ದಿದೆಯಲ್ಲ ಎಂದು. ಸ್ಟೌವಿನ ಜ್ವಾಲೆ ತಗುಲಿ ಬೆರಳುಗಳ ಕಡೆ ಸುಟ್ಟು ಕರಕಲಾಯಿತು, ನಕ್ಷತ್ರದ ಅರ್ಧ ಹೋಯಿತು. ಕೋಣೆಯೆಲ್ಲ ಕೂದಲು ಸುಟ್ಟ ವಾಸನೆ. ಪ್ಲಾಸ್ಟರಿನ ಚೂರುಗಳ ಜೊತೆ ಕಸದ ಡಬ್ಬಿಗೆ ಹಾಕಿ ಮುಚ್ಚಿದ. ಅವಳು ಎಷ್ಟೋ ದಿನ ಹುಡುಕಿದಳು, ಸೀರೆಗಳನ್ನೆಲ್ಲ ಕೊಡವಿ ನೋಡಿದಳು, ಇಲಿ ಎಳೆದುಕೊಂಡು ಹೋಗಿರಬೇಕು ಎಂದು ಅವನೂ ಜೊತೆಯಲ್ಲಿ ಹುಡುಕಿದ, ಟಾರ್ಚು ಹಿಡಿದು, ಮಂಚದ ಕೆಳಗೆ ಬಗ್ಗಿ. ಆ ಬಗ್ಗಿದ ಬೆನ್ನು ಈಗ ಅವನಿಗೆ ಬೇರೆ ಯಾರದೋ ಬೆನ್ನಿನ ಹಾಗೆ ಕಣ್ಣಿಗೆ ಕಟ್ಟಿತು. ತಾನು ಸುಟ್ಟು ಬಿಸಾಕಿದ ಜಾಗವನ್ನು ಅವಳ ಮನಸ್ಸು ಖಾಲಿ ಬಿಡದೆ ಸಮುದ್ರದಿಂದ ತುಂಬಿಕೊಂಡಿದೆ.

"ಭಯ ಆಗ್ಲಿಲ್ವೇನೇ?" ಅಕ್ಕ ಕೇಳಿದರು.

"ಆಗದೆ ಇರತ್ತಾ? ಬೆಲ್ಟು ಬೇರೆ ಬಿಚ್ಚಿರಬೇಕು. ಆದ್ರೆ ಅವತ್ತು ಇವರು ಎಷ್ಟು ಚೆನ್ನಾಗಿ ಮಾತಾಡಿದ್ರು ಗೊತ್ತಾ? ಒಂದು ಕೈಯಲ್ಲಿ ಸ್ಟೀರಿಂಗು, ಇನ್ನೊಂದು ಕೈಯಲ್ಲಿ ನನ್ನ ಕೈ. 'ನೋಡು, ನೀನು ಹೇಳಿದ ಹಾಗೇ ಇದೆ. ಅವರೆಲ್ಲ ಸುಮ್ಮನೆ ನಕ್ಕರು. ನಾನೂ ನಕ್ಕೆ, ನಗಬಾರದಿತ್ತು' ಅಂದ್ರು. ನನಗೆ ಅಳು ಬಂತು. ಇವರಿಗೂ ಬಂತು. ಅಳ್ತಾ ಅಳ್ತಾ ಗಾಡಿ ಎಲ್ಲಿ ಎತ್ತಲೋ ಬಿಟ್ಟಾರು ಅಂತ ನಾನೇ ಸಮಾಧಾನ ಮಾಡ್ದೆ."

"ಗಂಡಸರು ಇಷ್ಟು ಮಾತು ಹೇಳೋಕೆ ಸಮುದ್ರದ ನಡುವೆ ಹೋಗ್ಬೇಕು ನೋಡು," ಎಂದು ಅಕ್ಕ ನಕ್ಕರು. "ನಮ್ಮನೆಯೋರು ಇದ್ದಷ್ಟು ದಿನ ಕೊಳದ ಹತ್ತಿರಕ್ಕೂ ಹೋಗ್ಲಿಲ್ಲ."

ಅವಳು ಏನನ್ನೂ ಮರೆತಿರಲಿಲ್ಲ. ಆ ಮೇಜು, ಆ ನಗು, ಎಲ್ಲ ಇಷ್ಟು ವರ್ಷ ಅವಳೊಳಗೆ ಮಡಿಕೆ ಬಿಚ್ಚದೆ ಇತ್ತು. ತಾನು ಕೆದಕಬಾರದೆಂದು ಬಿಟ್ಟ ಗಾಯ ಮಾಯದೆ ಹಾಗೇ ಇತ್ತು. ಅದನ್ನು ಈಗ ಮಾಯಿಸಿದವನು ಅವಳ ನೆನಪಿನೊಳಗೆ ಒಬ್ಬನಿದ್ದಾನೆ. ಅವನು ಟಿಕೆಟ್ಟು ಕೊಂಡ, ರಜೆ ಕೇಳುವುದಕ್ಕೆ ಗಂಟಲು ಸರಿಮಾಡಿಕೊಳ್ಳಲಿಲ್ಲ, ಮಂಜಿನ ಮೇಲೆ ಕಾರು ಓಡಿಸಿದ, ಅವಳ ಕೈ ಹಿಡಿದ, ಹೇಳಬೇಕಾದದ್ದನ್ನು ಹೇಳಿದ. ಆ ಗಂಡಸಿನ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಅಂಥವನೊಬ್ಬ ತನ್ನ ಮುಖ ಹಾಕಿಕೊಂಡು ಅವಳ ಜೊತೆ ಓಡಾಡಿ ಬಂದಿದ್ದಾನೆ, ತಾನು ಇಲ್ಲಿ ಬೇರೆಯವರ ಬಾಯಿಗೆ ಹಲ್ಲು ಕೂರಿಸುತ್ತ ಕೂತಿದ್ದಾಗ. ಒಳಗೆ ಹೋಗಿ, ನಾವು ಎಲ್ಲಿಗೂ ಹೋಗಿಲ್ಲ ಎನ್ನಬೇಕೆನಿಸಿತು. ಪುಕ್ಕಟೆ ಸಿಕ್ಕ ಕ್ಷಮೆಯನ್ನು ಜೇಬಿಗಿಳಿಸುವುದು ಅವನ ಜಾಯಮಾನಕ್ಕೆ ಒಗ್ಗದು. ಆದರೆ ಹಾಗೆಂದರೆ ಅವಳ ಕೈಯಲ್ಲಿ ಏನು ಉಳಿಯುತ್ತದೆ? ಆ ಮೇಜು ಮತ್ತು ಆ ನಗು.

ಅವನನ್ನು ಕಂಡು ಅಕ್ಕ ಸೆರಗು ಕೊಡವಿಕೊಂಡು ಎದ್ದರು. "ಬಂದ್ರಾ? ಒಳ್ಳೇ ಗುಟ್ಟಿನ ಆಸಾಮಿ ಕಣ್ರೀ ನೀವು," ಎಂದು, ಬಾಗಿಲ ಬಳಿ ಬಂದಾಗ ದನಿ ಇಳಿಸಿ, "ಹೋಗಿದ್ದು ನಿಜವಾ?" ಎಂದು ಕೇಳಿದರು. ಅವನು ಅವರ ಮುಖ ನೋಡಿದ, ಹೆಂಡತಿಯ ಮಡಿಲಲ್ಲಿದ್ದ ಒಂಟಿ ಕೈಗವಸನ್ನು ನೋಡಿದ. "ಹೌದಕ್ಕ," ಎಂದ. "ಹೇಳೋಕಾಗ್ಲಿಲ್ಲ."

ಅವರು ಹೋದ ಮೇಲೆ ಅವನು ಅವಳ ಪಕ್ಕದಲ್ಲಿ ಕೂತ. ಅವಳು ಕೈಗವಸಿನ ನಕ್ಷತ್ರವನ್ನು ಬೆರಳಿನಿಂದ ಸವರುತ್ತಿದ್ದಳು. ಮಾತು ಆಗಲೇ ಹಳೆಯ ತಡಕಾಟಕ್ಕೆ ಮರಳಿತ್ತು. "ಅದು... ಅಕ್ಕ ಹೋದ್ರಾ?" ಎಂದು ಎರಡು ಸಲ ಕೇಳಿದಳು. ಅವನು ಎಚ್ಚರಿಕೆಯಿಂದ, ಮೇಣಕ್ಕೆ ಚಾಕು ಮುಟ್ಟಿಸುವಷ್ಟು ಎಚ್ಚರಿಕೆಯಿಂದ ಕೇಳಿದ.

"ಹೆಬ್ಬೆರಳ ದೇಶಕ್ಕೆ ಹೋಗೋಣ್ವಾ? ರಜೆ ಸಿಕ್ಕಿದೆ. ಎಲ್ಲಾ ತಯಾರಾಗಿದೆ. ನೀನು ಹ್ಞೂಂ ಅಂದ್ರೆ ಸಾಕು."

ಅವಳ ಬೆರಳು ನಿಂತಿತು. "ಮತ್ತೆ ಯಾಕೆ?"

"ಸುಮ್ನೆ. ಇನ್ನೊಂದು ಸಲ."

ಅವಳ ಮುಖದಲ್ಲಿ ಅವನು ಇತ್ತೀಚೆಗೆ ಆಗಾಗ ನೋಡುವ ಆ ಭಯ ಕಾಣಿಸಿತು, ಮನೆಯ ಬಾಗಿಲಲ್ಲೇ ನಿಂತು ಮನೆ ಯಾವುದೆಂದು ತಿಳಿಯದಾಗ ಕಾಣುವ ಭಯ. ಕೈಗವಸನ್ನು ಎದೆಗೆ ಒತ್ತಿಕೊಂಡಳು. "ಬೇಡಾರೀ. ಮೊನ್ನೆ ಟೀವಿಯಲ್ಲಿ ಹೇಳ್ತಿದ್ರು, ಎಲ್ಲಾ ಕಡೆ ಮಂಜು ಕರಗ್ತಿದೆ ಅಂತ. ಈಗ ಹೋದ್ರೆ ಬರೀ ನೀರಿರತ್ತೆ. ಬರೀ ನೀರು ನೋಡಿದ್ರೆ, ನಾವು ಹೋಗಿದ್ದೂ ಸುಳ್ಳು ಅನ್ಸಿಬಿಡತ್ತೆ ನಂಗೆ." ಅವನ ಮೊಣಕೈ ಹಿಡಿದಳು. "ಅನ್ಸೋದಿಲ್ಲ ಅಲ್ವಾ?"

"ಇಲ್ಲ," ಎಂದ ಅವನು. "ಹೋಗಿದ್ವಲ್ಲ."

ಸಂಜೆಯಾಗುತ್ತಿತ್ತು, ಮೇಷ್ಟರ ಸೆಟ್ಟು ಮುಟ್ಟಿಸಬೇಕಿತ್ತು. ಅವಳನ್ನು ಒಬ್ಬಳನ್ನೇ ಬಿಟ್ಟು ಹೋಗುವಂತಿರಲಿಲ್ಲ, ಹಾಗಾಗಿ ಸ್ವೆಟರು ತೊಡಿಸಿ, ಚಪ್ಪಲಿಗೆ ಕಾಲು ಸೇರಿಸಿ, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೆಲ್ಟು ಹಾಕಿದ. ಹಲ್ಲಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಳ್ಳುವಂತೆ ಕೊಟ್ಟ. ಅವಳು ಒಂದು ಕೈಗೆ ಕೈಗವಸು ಹಾಕಿಕೊಂಡೇ ಬಂದಿದ್ದಳು. ಊರಿನ ಹೊರಗೆ ಸುತ್ತು ಹಾಕುವ ರಸ್ತೆಗೆ ಹೊಸದಾಗಿ ಕಾಂಕ್ರೀಟು ಹಾಕಿದ್ದರು. ಇಳಿಬಿಸಿಲಿನಲ್ಲಿ ಅದು ಕಣ್ಣು ಕುಕ್ಕುವಷ್ಟು ಬೆಳ್ಳಗೆ, ಒಂದು ಗೆರೆಯಿಲ್ಲದೆ, ಗುಂಡಿಯಿಲ್ಲದೆ, ದೂರದವರೆಗೆ ಮಲಗಿತ್ತು. ಎರಡೂ ಪಕ್ಕ ಇಲಾಖೆಯವರು ನೆಟ್ಟ ಗಿಡಗಳು ಇನ್ನೂ ಮೊಣಕಾಲೆತ್ತರಕ್ಕೆ ಬಂದಿರಲಿಲ್ಲ. ಕಾರು ಆ ರಸ್ತೆಗೆ ಹತ್ತಿದ್ದೇ ಚಕ್ರದ ಸದ್ದು ಬದಲಾಯಿತು. ಅವಳು ನೆಟ್ಟಗೆ ಕೂತಳು. ಆಮೇಲೆ, ಇಷ್ಟು ದಿನ ಗುಂಡಿ ಹಾಕಿಕೊಳ್ಳುವುದನ್ನೂ ಮರೆತಿದ್ದ ಆ ಕೈ, ಪಕ್ಕಕ್ಕೆ ಹೋಗಿ, ತಡಕಾಡದೆ, ಬೆಲ್ಟನ್ನು ಬಿಚ್ಚಿತು.

ಕಾರು ಟಿಂಗ್ ಟಿಂಗ್ ಎಂದು ಎಚ್ಚರಿಸತೊಡಗಿತು.

"ನೀವೂ ಬಿಚ್ಚಿ," ಎಂದಳು.

ಅವನು ಕನ್ನಡಿಯಲ್ಲಿ ಹಿಂದೆ ನೋಡಿದ, ಮುಂದೆ ನೋಡಿದ. ಇಡೀ ಜನ್ಮದಲ್ಲಿ ಒಂದು ಕೆಂಪು ದೀಪ ದಾಟದವನು. ವೇಗ ತಗ್ಗಿಸಿ, ತೀರ ಅಂಚಿಗೆ ಬಂದು, ಬೆಲ್ಟು ಬಿಚ್ಚಿದ. ಟಿಂಗ್ ಟಿಂಗ್ ಹಾಗೇ ನಡೆದಿತ್ತು. ಹಿಂದಿನಿಂದ ಬಂದ ಲಾರಿಯೊಂದು ಉದ್ದಕ್ಕೆ ಹಾರ್ನು ಒತ್ತಿ, ಬಯ್ಯುತ್ತ ಪಕ್ಕದಿಂದ ಹೋಯಿತು. ಅವನ ಜೇಬಿನಲ್ಲಿ ಫೋನು ನಡುಗಿತು. ಅಂಗಡಿ ಮುಚ್ಚುವ ಹೊತ್ತು, ಟಿಕೆಟ್ಟಿನ ಹುಡುಗಿಯೇ ಇರಬೇಕು. ತೆಗೆದುಕೊಳ್ಳಬೇಕೆಂದರೆ ಕಾರು ನಿಲ್ಲಿಸಬೇಕು. ಅವನು ನಿಲ್ಲಿಸಲಿಲ್ಲ. ಫೋನು ಎದೆಯ ಮೇಲೆ ಇನ್ನಷ್ಟು ಹೊತ್ತು ನಡುಗಿ, ಸುಮ್ಮನಾಯಿತು. ಅಷ್ಟೇ. ಹೋಗುವುದಿಲ್ಲ ಎಂದು ಹೇಳುವುದಕ್ಕೆ ಗಂಟಲು ಸರಿಮಾಡಿಕೊಳ್ಳಬೇಕಾಗಿ ಬರಲಿಲ್ಲ.

ಬಲಗೈ ಸ್ಟೀರಿಂಗಿನ ಮೇಲೆ ಬೆವರಿತ್ತು. ಎಡಗೈಯನ್ನು ಚಾಚಿದ, ಅದು ಉಣ್ಣೆಗೆ ತಗುಲಿತು, ಉಣ್ಣೆಯ ಒಳಗಿನ ಬೆರಳುಗಳು ಅದನ್ನು ಹಿಡಿದುಕೊಂಡವು. ರಸ್ತೆಯ ತುದಿ ಕಣ್ಣೀರಿನಲ್ಲಿ ತೇಲುತ್ತಿತ್ತು. ಇಷ್ಟು ವರ್ಷ ಬಾಯಿಯವರೆಗೂ ಬಂದು ವಾಪಸು ಹೋದದ್ದು, ಸಮುದ್ರವಿಲ್ಲದೆ, ಸಾಕ್ಷಿಯಿಲ್ಲದೆ, ಕಾರಿನ ಗಂಟೆಯ ಸದ್ದಿನ ನಡುವೆ, ಒಡೆದ ದನಿಯಲ್ಲಿ ಹೊರಗೆ ಬಂತು.

"ನೀನು ಹೇಳಿದ್ದೇ ನಿಜ. ಅವತ್ತು ಅವರೆಲ್ಲ ಸುಮ್ಮನೆ ನಕ್ಕರು. ನಾನೂ ನಕ್ಕೆ. ಆ ಮಾತು ನಾನು ಆಡಬಾರದಿತ್ತು."

ಅವಳು ತಿರುಗಿ ನೋಡಲಿಲ್ಲ. ಬಿಳಿ ರಸ್ತೆಯ ಮೇಲೆ ಕಣ್ಣಿಟ್ಟು, ಮಡಿಲ ಡಬ್ಬಿ ಜಾರದಂತೆ ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದಳು.

"ಅದನ್ನ ಆಗಲೇ ಹೇಳಿದ್ರಲ್ಲ," ಎಂದಳು. "ಮುಂದೆ ನೋಡಿ ಓಡಿಸಿ."